ಫೋಟೊದಲ್ಲಿ ಬೀಳದ್ದು

ಒಂದು ಬೆಳಗಿನ ನಡಿಗೆಯಲ್ಲಿ ತೆಗೆದ ಮುನ್ನೂರು ಫೋಟೊಗಳಿಂದ ಕತೆಗೆ ಒಂದು ಸಾಲೂ ದಕ್ಕದೆ ಹೋಗಬಹುದು. ಅದೇ ನಡಿಗೆಯಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ ‘ಹಕ್ಕಿ ಹಾರಿಹೋದ ಮೇಲೂ ಕೊಂಬೆ ನಾಲ್ಕೈದು ಸಲ ತೂಗಿತು’ ಎಂಬ ಒಂದೇ ಟಿಪ್ಪಣಿ, ವರ್ಷಗಳಾದ ಮೇಲೆ, ಯಾರೋ ಮನೆ ಬಿಟ್ಟುಹೋಗುವ ದೃಶ್ಯ ಬರೆಯುವಾಗ ತಾನಾಗಿ ಒದಗಿ ಬರಬಹುದು. ಕತೆ ಬರೆಯುವವರಿಗೆ ಓದು, ನಡಿಗೆ, ಕ್ಯಾಮೆರಾ ಮೂರೂ ಒಂದಕ್ಕೊಂದು ಆಸರೆ ಎನ್ನುತ್ತಾರೆ. ಆಸರೆ ಹೌದು, ಆದರೆ ತಾವಾಗಿ ಆಗುವುದಿಲ್ಲ. ಕ್ಯಾಮೆರಾ ಕಂಡದ್ದನ್ನು ಉಳಿಸುತ್ತದೆ. ಕತೆಗೆ ಬೇಕಾಗುವುದು ಹೆಚ್ಚಾಗಿ ಅದರ ಚೌಕಟ್ಟಿನಲ್ಲಿ ಬೀಳದ್ದು: ಮೊದಲು ಏನಾಯಿತು, ಆಮೇಲೆ ಏನಾಯಿತು, ಎಷ್ಟು ಹೊತ್ತು ಏನೂ ಆಗಲಿಲ್ಲ, ಯಾವ ವಾಸನೆ ಇತ್ತು, ಯಾವ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಆ ಬೀಳದ್ದನ್ನು ಹಿಡಿದಿಡುವುದು ಹೇಗೆ ಎಂಬುದೇ ಇಲ್ಲಿನ ಮಾತು.

2014ರಲ್ಲಿ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಸ್ತುಸಂಗ್ರಹಾಲಯವೊಂದರಲ್ಲಿ ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೊ ತೆಗೆಯಲು ಜನರಿಗೆ ಹೇಳಿ, ಮರುದಿನ ಅವರ ನೆನಪನ್ನು ಪರೀಕ್ಷಿಸಲಾಗಿತ್ತು. ಇಡೀ ವಸ್ತುವಿನ ಫೋಟೊ ತೆಗೆದವರಿಗೆ ಅದರ ವಿವರಗಳು ಕಡಿಮೆ ನೆನಪಿದ್ದವು. ನೆನಪಿಡುವ ಕೆಲಸವನ್ನು ಕ್ಯಾಮೆರಾಕ್ಕೆ ಒಪ್ಪಿಸಿ ಕಣ್ಣು ಮುಂದೆ ಹೋಗಿತ್ತು. ಆದರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಕುಂದಲಿಲ್ಲ, ಜೂಮಿನ ಹೊರಗೆ ಉಳಿದ ಭಾಗ ಕೂಡ ನೆನಪಿನಲ್ಲಿತ್ತು. ಕತೆಗಾರರ ಮಟ್ಟಿಗೆ ಇದು ದೊಡ್ಡ ಸುಳಿವು. ಇಡೀ ಕೆರೆಯ ಫೋಟೊ ತೆಗೆಯುವ ಬದಲು ನೀರು ದಡಕ್ಕೆ ತಾಗುವ ಒಂದು ಮೊಳದ ಜಾಗವನ್ನು ಆರಿಸಿಕೊಳ್ಳಬೇಕಾದರೆ, ಆರಿಸುವುದಕ್ಕಾಗಿಯಾದರೂ ಇಡೀ ಕೆರೆಯನ್ನು ನೋಡಲೇಬೇಕಾಗುತ್ತದೆ.

ಹಾಗಾಗಿ ಮೊದಲು ಮಾತು, ಆಮೇಲೆ ಶಟರ್. ಕ್ಯಾಮೆರಾ ಎತ್ತುವ ಮುನ್ನ ಕಂಡದ್ದನ್ನು ಒಂದು ಪೂರ್ತಿ ವಾಕ್ಯದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ, ಅದರಲ್ಲಿ ಒಂದು ಕ್ರಿಯಾಪದ ಇರಲಿ. ‘ಸುಂದರವಾದ ಹಕ್ಕಿ’ ವಾಕ್ಯವಲ್ಲ, ‘ಹಕ್ಕಿ ಕೊಕ್ಕನ್ನು ಕೊಂಬೆಗೆ ಎರಡೂ ಕಡೆ ಒರೆಸಿತು’ ವಾಕ್ಯ. ಹಕ್ಕಿ ಅಷ್ಟು ಹೊತ್ತು ಕಾಯುವುದಿಲ್ಲ ಎಂಬ ಆಕ್ಷೇಪ ಸರಿಯೇ. ಅಂಥ ಕಡೆ ಕ್ರಮವನ್ನು ತಿರುಗಿಸಿ: ಎರಡು ಮೂರು ಕ್ಲಿಕ್, ಕ್ಯಾಮೆರಾ ಕೆಳಗೆ, ಹಕ್ಕಿ ಇರುವಷ್ಟು ಹೊತ್ತೂ ಬರಿಗಣ್ಣಿನ ನೋಟ, ಹೋದ ಮೇಲೆ ಒಂದು ಸಾಲು. ಫೋಟೊ ಹೇಗೆ ಬಂದಿದೆ ಎಂದು ಪರದೆ ನೋಡುವುದು ಆ ಸಾಲು ಬರೆದ ಮೇಲೆಯೇ. ಕ್ಲಿಕ್ಕಿಸಿದ ತಕ್ಷಣ ಚಿತ್ರ ತೋರಿಸುವ ಆಯ್ಕೆ ಬಹುತೇಕ ಕ್ಯಾಮೆರಾಗಳ ಮೆನುವಿನಲ್ಲಿರುತ್ತದೆ, ಅದನ್ನು ಆಫ್ ಮಾಡಿಬಿಡಿ. ಹಕ್ಕಿ ಇನ್ನೂ ಕೊಂಬೆಯ ಮೇಲಿರುವಾಗ ತಲೆ ತಗ್ಗಿಸಿ ಅದರ ಚಿತ್ರ ನೋಡುತ್ತಾ ನಿಲ್ಲುವುದು ನಿಸರ್ಗ ಛಾಯಾಗ್ರಹಣದ ಅತಿ ಸಾಮಾನ್ಯ ನಷ್ಟ.

ನಡಿಗೆಯಲ್ಲಿ ಎರಡು ಜಾತಿ. ಅವೆರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ ಬೆರೆಸಬಾರದು. ಒಂದು ಯೋಚಿಸುವ ನಡಿಗೆ. ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗ, ಪರಿಚಿತ ದಾರಿ, ಕೈಯಲ್ಲಿ ಏನೂ ಇಲ್ಲ. ಇನ್ನೊಂದು ನೋಡುವ ನಡಿಗೆ. ಅದರ ವೇಗ ಗಂಟೆಗೆ ಒಂದೂವರೆ ಕಿಲೋಮೀಟರ್ ದಾಟಿದರೆ ಏನೋ ಕೈತಪ್ಪುತ್ತಿದೆ ಎಂದೇ ಅರ್ಥ.

ಯೋಚಿಸುವ ನಡಿಗೆಯ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ 2014ರಲ್ಲೇ ಪ್ರಕಟಿಸಿದ ಪ್ರಯೋಗಗಳಿವೆ. ಕೂತವರಿಗಿಂತ ನಡೆಯುವವರಿಗೆ ಹೊಸ ಹೊಸ ಉಪಾಯಗಳು ಹೆಚ್ಚು ಹೊಳೆದವು, ನಡೆದು ಬಂದು ಕೂತ ಮೇಲೂ ಆ ಲಾಭ ಸ್ವಲ್ಪ ಹೊತ್ತು ಉಳಿಯಿತು. ಆದರೆ ಒಂದೇ ಒಂದು ಸರಿಯುತ್ತರವನ್ನು ಹುಡುಕುವ ಕೆಲಸದಲ್ಲಿ ನಡಿಗೆಯಿಂದ ಅಂಥ ಲಾಭ ಕಾಣಲಿಲ್ಲ. ಇದರ ಎರಡನೇ ಭಾಗವನ್ನು ಜನ ಮರೆಯುತ್ತಾರೆ. ‘ಈ ಪಾತ್ರ ಮುಂದೆ ಏನೇನು ಮಾಡಬಹುದು’ ಎಂಬ ಪ್ರಶ್ನೆ ನಡಿಗೆಗೆ ಸರಿ. ‘ಈ ವಾಕ್ಯದಲ್ಲಿ ಯಾವ ಪದ ಸರಿ’ ಎಂಬುದು ಮೇಜಿನ ಕೆಲಸ. ತಿದ್ದುವ ಕೆಲಸವನ್ನು ದಾರಿಗೆ ಒಯ್ದರೆ ನಡಿಗೆಯೂ ಕೆಡುತ್ತದೆ, ತಿದ್ದುಪಡಿಯೂ ನೆಟ್ಟಗಾಗುವುದಿಲ್ಲ.

ಒಂದು ನಡಿಗೆಗೆ ಒಂದೇ ಪ್ರಶ್ನೆ. ಹೊರಡುವ ಮುನ್ನ ಅದನ್ನು ಕಾಗದದ ಮೇಲೆ ಬರೆದಿಟ್ಟು ಹೋಗಬೇಕು. ಬರೆಯದೆ ಹೋದರೆ ಅರ್ಧ ದಾರಿಗೆ ಪ್ರಶ್ನೆಯೇ ಬದಲಾಗಿ ಮನೆಯ ಚಿಂತೆಯಾಗಿರುತ್ತದೆ. ಬರವಣಿಗೆಯನ್ನು ದೃಶ್ಯ ಮುಗಿದ ಕಡೆ ನಿಲ್ಲಿಸದೆ, ಮುಂದಿನ ಮಾತು ಏನೆಂದು ಗೊತ್ತಿರುವಾಗಲೇ ನಿಲ್ಲಿಸಿ ಎದ್ದರೆ ನಡಿಗೆಗೆ ಹಿಡಿಯಲು ಒಂದು ಎಳೆ ಸಿಗುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮನೆಯ ಹತ್ತಿರ ಮಾಡಿಸಿಕೊಂಡಿದ್ದ ಮರಳಿನ ಕಾಲುದಾರಿಯಲ್ಲಿ ಸುತ್ತು ಹಾಕುವಾಗ ದಾರಿಬದಿ ಕಲ್ಲುಗಳನ್ನಿಟ್ಟು, ಸುತ್ತಿಗೊಂದರಂತೆ ಒದ್ದು ಎಣಿಸುತ್ತಿದ್ದರಂತೆ. ಎಷ್ಟು ಸುತ್ತಾಯಿತು ಎಂದು ತಲೆಯಲ್ಲಿ ಲೆಕ್ಕ ಇಟ್ಟುಕೊಳ್ಳುವ ಹೊರೆ ಇಲ್ಲದಿದ್ದಾಗ ತಲೆ ಬೇರೆ ಕೆಲಸಕ್ಕೆ ಬಿಡುವಾಗಿರುತ್ತದೆ. ದಾರಿ ಹುಡುಕಬೇಕಾದ ಹೊಸ ಜಾಗದಲ್ಲಿ ಕತೆ ಮುಂದೆ ಸಾಗದಿರುವುದಕ್ಕೂ ಇದೇ ಕಾರಣ.

ನೋಡುವ ನಡಿಗೆಗೆ ಎರಡು ಮೂರು ಕಿಲೋಮೀಟರಿನ ಒಂದೇ ದಾರಿಯನ್ನು ಇಡೀ ವರ್ಷಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು. ಹೊಸ ಜಾಗ ಕಣ್ಣಿಗೆ ಹಬ್ಬ, ಆದರೆ ಏನು ಬದಲಾಯಿತು ಎಂಬುದನ್ನು ಹಳೆಯ ಜಾಗ ಮಾತ್ರ ತೋರಿಸಬಲ್ಲದು. ದಾರಿಯಲ್ಲಿ ಐದಾರು ನಿಲ್ದಾಣಗಳನ್ನು ಗೊತ್ತುಮಾಡಿಕೊಳ್ಳಿ: ಒಂದು ಒಣಮರ, ಒಂದು ಬೇಲಿಯ ಮೂಲೆ, ನೀರಿರುವ ಒಂದು ತಗ್ಗು. ಪ್ರತಿಯೊಂದರಲ್ಲೂ ಹತ್ತು ನಿಮಿಷ ಕದಲದೆ ನಿಲ್ಲಿ. ಮನುಷ್ಯರು ಬಂದಾಗ ಹಕ್ಕಿಗಳು ಒಮ್ಮೆ ಸುಮ್ಮನಾಗುತ್ತವೆ. ಮೊದಲ ಮೂರು ನಾಲ್ಕು ನಿಮಿಷ ಕಾಣುವುದು ನಮ್ಮ ಬರವಿನಿಂದ ಕದಡಿದ ಜಾಗ, ಅದರ ದಿನನಿತ್ಯದ ಬದುಕಲ್ಲ. ಹೊರಡುವಾಗ ಸೂರ್ಯ ಬೆನ್ನಿಗಿರುವಂತೆ ದಿಕ್ಕು ಹಿಡಿದರೆ ಬಣ್ಣಗಳು ಸ್ಪಷ್ಟ. ಅದೇ ದಾರಿಯಲ್ಲಿ ಮರಳುವಾಗ ಎದುರುಬೆಳಕಿನಲ್ಲಿ ಎಲೆಯ ನರ, ಜೇಡರ ಬಲೆ, ಹುಲ್ಲಿನ ಅಂಚು ಕಾಣುತ್ತವೆ. ಹಕ್ಕಿಗಳಿಗೆ ಸೂರ್ಯೋದಯದ ನಂತರದ ಎರಡು ಗಂಟೆ. ಕೀಟಗಳಿಗೆ ಎರಡು ಹೊತ್ತು: ಇಬ್ಬನಿ ಆರುವ ಮೊದಲು ತಣ್ಣಗೆ ಅಲುಗದೆ ಕೂತಿರುತ್ತವೆ, ಬಿಸಿಲು ಏರಿದ ಮೇಲೆ ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತವೆ.

ಟಿಪ್ಪಣಿಗೆ ಜೇಬಿನಲ್ಲಿ ಹಿಡಿಸುವ ಪುಸ್ತಕ ಸಾಕು, ಸುಮಾರು 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ಪೆನ್ನಿಗಿಂತ ಪೆನ್ಸಿಲ್ ಮೇಲು, ಏಕೆಂದರೆ ತೇವದಲ್ಲಿ ಶಾಯಿ ಹರಡುತ್ತದೆ, ಸೀಸ ಹರಡುವುದಿಲ್ಲ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳುವವರು ಒಂದೊಂದನ್ನೂ ಅರ್ಧ ನಿಮಿಷದೊಳಗೆ ಮುಗಿಸಿ ಅಂದೇ ಬರಹಕ್ಕೆ ಇಳಿಸಬೇಕು. ವಾರ ಬಿಟ್ಟರೆ ಅದನ್ನು ಯಾರೂ ಕೇಳುವುದಿಲ್ಲ.

ಟಿಪ್ಪಣಿಯ ಕ್ರಮಕ್ಕೆ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್ ಅವರದನ್ನೇ ಎರವಲು ಪಡೆಯಬಹುದು. 1908ರಲ್ಲಿ ಅಮೆರಿಕದ ಬರ್ಕ್ಲಿಯ ಕಶೇರುಕ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಮೊದಲ ನಿರ್ದೇಶಕರಾದವರು ಅವರು. ಅವರ ಪದ್ಧತಿಯಲ್ಲಿ ಬಯಲಿನಲ್ಲಿ ಗೀಚುವ ಪುಸ್ತಕ ಬೇರೆ, ಅದನ್ನು ನೋಡಿಕೊಂಡು ಅಂದೇ ಪೂರ್ಣ ವಾಕ್ಯಗಳಲ್ಲಿ ಬರೆಯುವ ದಿನಚರಿ ಬೇರೆ, ಒಂದೊಂದು ಜೀವಿಯ ಬಗ್ಗೆ ಕಂಡದ್ದನ್ನೆಲ್ಲ ಒಂದೆಡೆ ಸೇರಿಸುವ ಪುಟಗಳು ಬೇರೆ. ಅವರ ತಂಡ ಹಾಗೆ ಬರೆದಿಟ್ಟ ಪುಟಗಳನ್ನು ಹಿಡಿದುಕೊಂಡು ಸುಮಾರು ನೂರು ವರ್ಷಗಳ ನಂತರದ ವಿಜ್ಞಾನಿಗಳು ಅವೇ ಜಾಗಗಳಿಗೆ ಹೋಗಿ, ಯಾವ ಪ್ರಾಣಿ ಎಲ್ಲಿಗೆ ಸರಿದಿದೆ ಎಂದು ಹೋಲಿಸಿ ನೋಡಿದರು. ಕತೆಗಾರರು ಮೂರನೆಯ ಪುಟಗಳಲ್ಲಿ ಜೀವಿಗಳ ಜೊತೆಗೆ ‘ಕಾಯುವುದು’, ‘ಸಂಜೆಯ ಸದ್ದು’, ‘ಬಾಗಿಲು’, ‘ಜನ ದಾರಿ ಬಿಡುವ ರೀತಿ’ ಎಂಬ ತಲೆಬರಹಗಳನ್ನೂ ಇಟ್ಟುಕೊಳ್ಳಬಹುದು. ಕಾದಂಬರಿಯ ನಡುವೆ ಸಂಜೆ ಬೇಕಾದಾಗ ಮುನ್ನೂರು ದಿನಗಳ ದಿನಚರಿ ತಿರುವುವುದು ಅಸಾಧ್ಯ, ಒಂದು ಪುಟ ತೆರೆಯುವುದು ಸುಲಭ.

ಪ್ರತಿ ಟಿಪ್ಪಣಿಯ ತಲೆಯಲ್ಲಿ ದಿನಾಂಕ, ಹೊತ್ತು, ಮೋಡ, ಗಾಳಿ. ಗಾಳಿಗೆ ಅದರ ಬಲ ಸೂಚಿಸುವ ಬೋಫೋರ್ಟ್ ಮಾಪನದ ಅಂಕಿ ಬರೆಯುವುದು ರೂಢಿಯಾದರೆ ಬಹಳ ಉಪಯೋಗ. ಎಲೆ ಸರಸರ ಎನ್ನುತ್ತಾ ಮುಖಕ್ಕೆ ಗಾಳಿ ತಾಗಿದರೆ 2. ಎಲೆ, ಎಳೆಕಡ್ಡಿಗಳು ಬಿಡುವಿಲ್ಲದೆ ಅಲ್ಲಾಡಿದರೆ 3. ಧೂಳೆದ್ದು ಚಿಕ್ಕ ಕೊಂಬೆಗಳು ತೂಗಿದರೆ 4. ‘ತಂಗಾಳಿ ಬೀಸುತ್ತಿತ್ತು’ ಎಂದು ಕತೆಯಲ್ಲಿ ಬರೆದು ಅದೇ ಸಾಲಿನಲ್ಲಿ ಧೂಳೆಬ್ಬಿಸುವ ತಪ್ಪು ಆಗ ಆಗುವುದಿಲ್ಲ. ಕ್ಯಾಮೆರಾದ ಗಡಿಯಾರವನ್ನು ಎರಡು ವಾರಕ್ಕೊಮ್ಮೆ ಫೋನಿನ ಗಡಿಯಾರಕ್ಕೆ ಹೊಂದಿಸುವುದೂ ಅಷ್ಟೇ ಮುಖ್ಯ. ಅದು ನಿಧಾನವಾಗಿ ಹಿಂದೆಮುಂದೆ ಸರಿಯುತ್ತದೆ. ಎರಡೂ ಹೊಂದಿದ್ದರೆ ಪ್ರತಿ ಫೋಟೊದ ಜೊತೆ ಕೂತಿರುವ ಹೊತ್ತನ್ನು ಟಿಪ್ಪಣಿಯ ಹೊತ್ತಿಗೆ ಜೋಡಿಸಿ ಇಡೀ ಬೆಳಗನ್ನು ನಿಮಿಷ ನಿಮಿಷಕ್ಕೆ ಮತ್ತೆ ಕಟ್ಟಬಹುದು. ಫೋಟೊಗಳ ನಡುವಿನ ಹನ್ನೊಂದು ನಿಮಿಷದ ಖಾಲಿ ಜಾಗವೂ ಆಗ ಒಂದು ಮಾಹಿತಿ: ಅಷ್ಟು ಹೊತ್ತು ಕಾದದ್ದಾಗಿತ್ತು.

ಕ್ಯಾಮೆರಾದ ಹೊಂದಾಣಿಕೆಗಳನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು. ದಾರಿಯಲ್ಲಿ ಮೆನು ತಿರುವುವವರಿಗೆ ನೋಡಲು ಹೊತ್ತು ಸಿಗುವುದಿಲ್ಲ. ಕೂತ ಹಕ್ಕಿಗೆ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದು ಮುಚ್ಚುವ ವೇಗ, ಕನಿಷ್ಠ 1/500 ಸೆಕೆಂಡು, ಹಾರುವ ಹಕ್ಕಿಗೆ 1/2000. ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು 1/100ಕ್ಕೆ ಇಳಿಸಿ ಕೆಡಿಸಿಕೊಳ್ಳುವವರು ಬಹಳ. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯ ಕತ್ತಿನ ತಿರುವನ್ನಲ್ಲ. ಬೆಳಕು ಕಡಿಮೆಯಾದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ ಏರಿಸಿ, ಶಟರ್ ಇಳಿಸಬೇಡಿ. ಚಿತ್ರದಲ್ಲಿ ಕಾಳುಕಾಳು ಕಂಡರೆ ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು. ಬೆಳಕನ್ನು ಅಳೆಯುವಾಗ ಕ್ಯಾಮೆರಾ ಎದುರಿನದೆಲ್ಲ ಸರಾಸರಿ ಬೂದು ಎಂದು ಭಾವಿಸುತ್ತದೆ. ಹಾಗಾಗಿ ಕಪ್ಪು ಹಿನ್ನೆಲೆಯ ಬೆಳ್ಳಕ್ಕಿ ಬೆಳಕಿನಲ್ಲಿ ಕರಗಿ ಗರಿಗಳ ಗೆರೆ ಅಳಿಸಿಹೋಗುತ್ತದೆ, ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ ತಗ್ಗುವಷ್ಟು, ಇಳಿಸಬೇಕು. ಬಿಳಿ ಆಕಾಶದೆದುರಿನ ಕಾಜಾಣ ಬರೀ ನೆರಳಾಗುತ್ತದೆ, ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು.

ತೀರ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೋ ಕೆಲಸದಲ್ಲಿ ಕೀಟವನ್ನು ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ) ಮೇಲೆ ಅದರ ನಿಜ ಗಾತ್ರಕ್ಕೆ ತಂದಾಗ, ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್/11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಅಷ್ಟೇ. ಅಪರ್ಚರನ್ನು ಇನ್ನೂ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮೆದುವಾಗುತ್ತದೆ. ಅದರ ಬದಲು ಕೀಟದ ಮೈ ಸೆನ್ಸರಿಗೆ ಸಮಾನಾಂತರವಾಗಿ ಬರುವಂತೆ ನಾವೇ ಸರಿದು ನಿಲ್ಲುವುದು ಮೇಲು. 100 ಮಿ.ಮೀ. ಮ್ಯಾಕ್ರೋ ಲೆನ್ಸಿನ ಮುಂತುದಿ ಆಗ ಕೀಟಕ್ಕೆ ಒಂದು ಗೇಣಿಗಿಂತಲೂ ಹತ್ತಿರ ಇರುತ್ತದೆ. ನಮ್ಮ ನೆರಳು ಮೇಲೆ ಬಿದ್ದರೆ ಅದು ಹಾರುತ್ತದೆ. ಬೋಫೋರ್ಟ್ 3ರ ಗಾಳಿ ಬೀಸುತ್ತಿದ್ದರೆ ಅಂದು ಮ್ಯಾಕ್ರೋ ಲೆನ್ಸ್ ಚೀಲದಲ್ಲೇ ಇರಲಿ. ಲೆನ್ಸುಗಳಿಗೆ ಬೂಷ್ಟು ಹಿಡಿಯುವುದು ತೇವದಿಂದ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇ. 40ರಿಂದ 50ರ ನಡುವೆ ಇಡುವುದು ಸುರಕ್ಷಿತ. ಏ.ಸಿ. ಕೋಣೆಯಿಂದ ಹೊರಗಿನ ಸೆಕೆಗೆ ತಂದ ಕೂಡಲೇ ಗಾಜಿನ ಮೇಲೆ ನೀರು ಕೂರುತ್ತದೆ, ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬಿಡಬೇಕು.

ಗೂಡಿನ ಬಳಿ ಕ್ಯಾಮೆರಾ ಎತ್ತಲೇಬಾರದು. ಮರೆಯಾಗಿದ್ದ ಕಡ್ಡಿಯೊಂದನ್ನು ಚಿತ್ರಕ್ಕಾಗಿ ಸರಿಸಿದರೆ ಸಾಕು, ಮರಿಗಳು ಬಿಸಿಲಿಗೆ, ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ತೆರೆದುಕೊಳ್ಳುತ್ತವೆ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುವುದೂ ಸಲ್ಲದು. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ಬಂತೆಂದು ಅದು ಮೇವು ಬಿಟ್ಟು ಕಾದಾಟಕ್ಕೆ ಬರುತ್ತದೆ. ಹಾಗೆ ಬರಿಸಿಕೊಂಡ ಚಿತ್ರದಲ್ಲಿ ಕತೆಗಾರರಿಗೆ ಕಾಣುವುದು ಕೆಣಕಿದ ಜೀವಿಯ ವರ್ತನೆ ಮಾತ್ರ.

ಇನ್ನು ಮುಖ್ಯ ಮಾತಿಗೆ ಬರೋಣ. ಫೋಟೊ ಬಿಟ್ಟುಬಿಡುವುದಷ್ಟೇ ಅಲ್ಲ, ಕಣ್ಣು ಕಂಡಿರದ್ದನ್ನು ಸೇರಿಸುತ್ತದೆ ಕೂಡ. ಫೋಟೊ ಎದುರಿಗಿಟ್ಟುಕೊಂಡು ದೃಶ್ಯ ಬರೆಯುವವರು ಎಡವುವುದು ಇಲ್ಲೇ. ಬೆಳದಿಂಗಳ ರಾತ್ರಿಯಲ್ಲಿ ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟು ತೆಗೆದ ಚಿತ್ರದಲ್ಲಿ ಆಕಾಶ ನೀಲಿ, ಹುಲ್ಲು ಹಸಿರು. ಮನುಷ್ಯರ ಕಣ್ಣಿಗೆ ಅಷ್ಟು ಮಂದ ಬೆಳಕಿನಲ್ಲಿ ಬಣ್ಣ ಕಾಣುವುದಿಲ್ಲ, ಏಕೆಂದರೆ ಆಗ ಕೆಲಸ ಮಾಡುವ ಕೋಶಗಳಿಗೆ ಬಣ್ಣ ಗುರುತಿಸುವ ಶಕ್ತಿಯಿಲ್ಲ. ಸಂಜೆ ಇಳಿಯುವಾಗ ಮೊದಲು ಕಪ್ಪಾಗುವುದು ಕೆಂಪು, ನೀಲಿ ಹಸಿರುಗಳು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಬೆಳದಿಂಗಳಿನಲ್ಲಿ ದೂರದಿಂದ ನಡೆದು ಬರುವವಳ ಕೆಂಪು ಸೀರೆಯನ್ನು ಕತೆಯ ನಾಯಕ ಗುರುತಿಸಲಾರ, ಅವನಿಗೆ ಅದು ಕಪ್ಪು. ದೀಪದ ಕೋಣೆಯಿಂದ ಹೊರಬಂದವರ ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹೊಸಿಲು ದಾಟಿದ ಕೂಡಲೇ ತೋಟದ ಮೂಲೆಯಲ್ಲಿ ನಿಂತವರ ಮುಖಭಾವ ಅವರಿಗೆ ಕಾಣದು.

ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನಲ್ಲಿ ದೂರದಿಂದ ತೆಗೆದ ಚಿತ್ರದಲ್ಲಿ ಬೆಟ್ಟ ಮರದ ಬೆನ್ನಿಗೇ ಅಂಟಿಕೊಂಡಂತಿರುತ್ತದೆ, ಚಂದ್ರ ಮರದಷ್ಟೇ ದೊಡ್ಡವನು. ನಿಜದಲ್ಲಿ ಚಾಚಿದ ಕೈಯ ಕಿರುಬೆರಳು ಚಂದ್ರನನ್ನು ಪೂರ್ತಿ ಮರೆಮಾಡುತ್ತದೆ, ಅವನ ಅಗಲ ಅರ್ಧ ಡಿಗ್ರಿ. ಫೋನಿನ ಅಗಲ ಲೆನ್ಸ್ ಇದಕ್ಕೆ ತದ್ವಿರುದ್ಧ, ಎದೆ ನಡುಗಿಸಿದ ಬೆಟ್ಟವನ್ನು ದಿಣ್ಣೆ ಮಾಡಿಬಿಡುತ್ತದೆ. 1/2000 ಸೆಕೆಂಡಿನ ಚಿತ್ರದಲ್ಲಿ ರೆಕ್ಕೆಯ ಒಂದೊಂದು ಗರಿ ಎಣಿಸಬಹುದು, ಕಣ್ಣಿಗೆ ಕಂಡದ್ದು ಮಸುಕು ಮಾತ್ರ. ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ ‘ಆಟೊ’ದಲ್ಲಿದ್ದರೆ ಸಂಜೆಯ ಕೆಂಪನ್ನು ಕ್ಯಾಮೆರಾ ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಬಿಸಿಲಿನ ಗುರುತಿಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ, ಕಟ್ಟಿಟ್ಟರೆ ಬೆಳಕಿನ ಬಣ್ಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇದಕ್ಕೆಲ್ಲ ಒಂದೇ ಮದ್ದು: ಬರಿಗಣ್ಣಿಗೆ ಹೇಗೆ ಕಂಡಿತು ಎಂಬುದನ್ನು ಅಲ್ಲೇ, ಆಗಲೇ ಒಂದು ಸಾಲು ಬರೆಯುವುದು.

ಆಕಾಶದ ತಪ್ಪುಗಳಂತೂ ಅಚ್ಚಾದ ಕಾದಂಬರಿಗಳಲ್ಲೂ ಸಿಗುತ್ತವೆ. ಹುಣ್ಣಿಮೆಯ ಚಂದ್ರ ಮೂಡುವುದು ಸೂರ್ಯ ಮುಳುಗುವ ಹೊತ್ತಿಗೆ, ನಡುರಾತ್ರಿಗಲ್ಲ. ನಡುರಾತ್ರಿಗೆ ಮೂಡುವವನು ಬಹುಳ ಅಷ್ಟಮಿಯ ಅರ್ಧಚಂದ್ರ. ಶುದ್ಧ ಅಷ್ಟಮಿಯವನು ಸಂಜೆಗಾಗಲೇ ನೆತ್ತಿಯ ಹತ್ತಿರವಿದ್ದು ನಡುರಾತ್ರಿಗೆ ಮುಳುಗುತ್ತಾನೆ. ಬಿದಿಗೆಯ ಗೆರೆಚಂದ್ರ ಪಡುವಣದಲ್ಲಿ ಗಂಟೆ ಒಂದೂವರೆ ಗಂಟೆ ಕಂಡು ಹೋಗುತ್ತಾನೆ. ಪ್ರತಿದಿನ ಸರಾಸರಿ 50 ನಿಮಿಷ ತಡ. ಪ್ರೇಮಿಗಳ ಭೇಟಿಯನ್ನು ಮೂರು ರಾತ್ರಿ ಮುಂದೂಡಿದರೆ ಚಂದ್ರನನ್ನೂ ಸರಿಸಬೇಕು. ಕಾಮನಬಿಲ್ಲು ಯಾವಾಗಲೂ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಕಟ್ಟುತ್ತದೆ. ಸೂರ್ಯ ಬಾನಂಚಿನಿಂದ 42 ಡಿಗ್ರಿಗಿಂತ ಮೇಲಿದ್ದರೆ ಸಮನೆಲದಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ಮಿಂಚಿಗೂ ಗುಡುಗಿಗೂ ಮೂರು ಸೆಕೆಂಡು ಅಂತರವಿದ್ದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಮಣ್ಣಿನ ವಾಸನೆ ಒಣನೆಲಕ್ಕೆ ಬಿದ್ದ ಮೊದಲ ಹಗುರ ಮಳೆಯದು. 1964ರಲ್ಲಿ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಜಡಿಮಳೆಯ ಮೂರನೇ ದಿನ ಆ ವಾಸನೆಯನ್ನು ತಂದರೆ ಓದುವವರ ಮೂಗು ಒಪ್ಪುವುದಿಲ್ಲ. ಕುಹೂ ಎನ್ನುವುದು ಗಂಡು ಕೋಗಿಲೆ, ಜೀರುಂಡೆಗಳಲ್ಲೂ ಕೂಗುವುದು ಗಂಡೇ. ನವಿಲಿನ ಉದ್ದ ಗರಿಗಳು ಸಂತಾನದ ಕಾಲ ಮುಗಿದ ಮೇಲೆ ಉದುರುತ್ತವೆ. ಅವನ್ನು ವರ್ಷವಿಡೀ ಕುಣಿಸುವ ಹಾಗಿಲ್ಲ.

ಇಷ್ಟು ನಿಖರತೆ ಕತೆಗೆ ಬೇಕೇ ಎಂದು ಕೇಳುವವರಿದ್ದಾರೆ. ಕಾದಂಬರಿಗಳನ್ನು ಸಣ್ಣ ಕಾರ್ಡುಗಳ ಮೇಲೆ, ಮನಸ್ಸಿಗೆ ಬಂದ ಅನುಕ್ರಮದಲ್ಲಿ ಬರೆದು ಆಮೇಲೆ ಜೋಡಿಸುತ್ತಿದ್ದ ವ್ಲಾದಿಮಿರ್ ನಬಕೋವ್ ಚಿಟ್ಟೆಗಳನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು. ನೀಲಿ ಚಿಟ್ಟೆಗಳ ಒಂದು ಗುಂಪು ಏಷ್ಯಾದಿಂದ ಅಲೆ ಅಲೆಯಾಗಿ ಅಮೆರಿಕ ಖಂಡಗಳಿಗೆ ಬಂದಿರಬೇಕೆಂದು ಅವರು 1945ರಲ್ಲಿ ಊಹಿಸಿದ್ದರು. 2011ರಲ್ಲಿ ಡಿಎನ್‌ಎ ಅಧ್ಯಯನ ಅದನ್ನು ಎತ್ತಿಹಿಡಿಯಿತು. ಅಷ್ಟು ದೂರ ಹೋಗದಿದ್ದರೂ ಆದೀತು. ಆದರೆ ಹೆಸರು ಗೊತ್ತಿರುವುದು ಬೇರೆ, ಹೆಸರನ್ನು ಬಳಸುವುದು ಬೇರೆ. ಕತೆಯಲ್ಲಿ ಯಾರ ಕಣ್ಣಿನಿಂದ ನೋಡುತ್ತಿದ್ದೇವೋ ಅವರಿಗೆ ಗೊತ್ತಿರುವ ಹೆಸರನ್ನು ಮಾತ್ರ ಬರೆಯಬೇಕು. ಹೊಲದಲ್ಲಿ ಬೆಳೆದ ಮುದುಕಿಗೆ ಕಳೆಗಿಡದ ಬಳಕೆಯ ಹೆಸರು ಗೊತ್ತು, ಪುಸ್ತಕದ ಹೆಸರಲ್ಲ. ಹೊಸದಾಗಿ ಬಂದ ಹುಡುಗನಿಗೆ ಅದು ‘ಕಾಲಿಗೆ ಅಂಟುವ ಗಿಡ’. ಬರೆಯುವವರಿಗೆ ಮೂರೂ ಗೊತ್ತಿರಬೇಕು, ಪುಟದ ಮೇಲೆ ಒಂದೇ ಬರಬೇಕು.

ಕನ್ನಡದಲ್ಲಿ ಬರೆಯುವವರ ಭಾಗ್ಯವಿರುವುದು ಕ್ರಿಯಾಪದಗಳಲ್ಲಿ. ನೀರು ಬಂಡೆಯ ಸಂದಿಯಿಂದ ಜಿನುಗುತ್ತದೆ, ಮರದ ಗಾಯದಿಂದ ಒಸರುತ್ತದೆ, ಎಲೆಯ ತುದಿಯಿಂದ ತೊಟ್ಟಿಕ್ಕುತ್ತದೆ, ಮಾಡಿನಿಂದ ಸೋರುತ್ತದೆ. ನಾಲ್ಕರ ವೇಗ ಬೇರೆ, ಸದ್ದು ಬೇರೆ, ಕೊನೆಯದರಲ್ಲಿ ಮನೆಯವರ ಬಡತನವೂ ಕೇಳಿಸುತ್ತದೆ. ಬಯಲಿನಲ್ಲಿ ನಿಂತಾಗ ಇವುಗಳಲ್ಲಿ ಯಾವುದು ಎಂದು ನಿರ್ಧರಿಸುವುದೇ ನೋಡುವ ಅಭ್ಯಾಸ. ‘ಚಿಲಿಪಿಲಿ’, ‘ಜುಳುಜುಳು’ ಬರೆಯುವ ಮುನ್ನ ಒಮ್ಮೆ ಕಿವಿಗೊಟ್ಟರೆ ಆ ಹಕ್ಕಿಯ, ಆ ಹಳ್ಳದ ಸದ್ದು ಅದಲ್ಲ ಎಂದು ಗೊತ್ತಾಗುತ್ತದೆ. ಇನ್ನೊಂದು ತೊಡಕೂ ನಮ್ಮ ಭಾಷೆಯದೇ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ನಿಸರ್ಗದ ವರ್ಣನೆ ‘ಇತ್ತು… ಇತ್ತು… ಇತ್ತು’ ಎಂದು ಒಂದೇ ಸದ್ದಿನಲ್ಲಿ ಮುಗಿಯುತ್ತಾ ಹೋಗುತ್ತದೆ. ಒಂದು ಪ್ಯಾರಾದಲ್ಲಿ ಮೂರಕ್ಕಿಂತ ಹೆಚ್ಚು ‘ಇತ್ತು’ ಸಿಕ್ಕರೆ, ಅಲ್ಲಿ ಏನೂ ನಡೆಯುತ್ತಿಲ್ಲ, ಎಲ್ಲವೂ ಸುಮ್ಮನೆ ಇದೆ ಎಂದರ್ಥ. ಟಿಪ್ಪಣಿಗೆ ಹಿಂತಿರುಗಿ ಏನು ಕದಲುತ್ತಿತ್ತು ಎಂದು ಹುಡುಕಬೇಕು.

ಓದು ಇಲ್ಲಿ ನೆರವಿಗೆ ಬರಬೇಕಾದರೆ ಮರುಓದು ಆಗಬೇಕು. ಇಷ್ಟವಾದ ಒಂದು ಸಣ್ಣಕತೆಯನ್ನು ಮೂರು ಸಲ ಓದಿ. ಮೊದಲ ಸಲ ಪೆನ್ಸಿಲ್ ದೂರವಿರಲಿ. ಎರಡನೇ ಸಲ ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಎಷ್ಟು ಕಾಲವನ್ನು ದಾಟುತ್ತದೆ ಎಂದು ಗುರುತಿಸಿ: ‘ಎರಡು ನಿಮಿಷ’, ‘ಏಳು ವರ್ಷ’. ಒಂದು ಸಾಲಿನಲ್ಲಿ ಏಳು ವರ್ಷ ಹಾರಿ, ಲೋಟ ಕೆಳಗಿಡುವ ಗಳಿಗೆಗೆ ಅರ್ಧ ಪುಟ ಕೊಟ್ಟದ್ದು ಆಗ ಬಯಲಾಗುತ್ತದೆ. ಮೂರನೇ ಸಲ ಒಂದು ಪುಟವನ್ನು ಕೈಯಲ್ಲೇ ನಕಲು ಮಾಡಿ. ಕಣ್ಣು ಹಾರಿಸಿಬಿಡುವ ಅಲ್ಪವಿರಾಮವನ್ನೂ ಕೈ ಬರೆಯಲೇಬೇಕಾಗುತ್ತದೆ. ಹಕ್ಕಿ, ಗಿಡಗಳ ಕೈಪಿಡಿಗಳನ್ನು ನಡಿಗೆಗೆ ಒಯ್ಯದೆ, ಬಂದ ಮೇಲೆ ತೆರೆಯುವುದು ಮೇಲು. ಹೆಸರು ಮೊದಲೇ ಸಿಕ್ಕಿಬಿಟ್ಟರೆ ಕಣ್ಣು ವಿವರ ಹುಡುಕುವುದನ್ನು ಬಿಡುತ್ತದೆ. ಗಾತ್ರ, ಕೊಕ್ಕು, ಬಾಲದ ಆಟ, ಕೂತ ಜಾಗ ಇಷ್ಟನ್ನು ಮೊದಲು ಬರೆದು ಬಂದರೆ ಕೈಪಿಡಿ ಸಲೀಸಾಗಿ ಹೆಸರು ಕೊಡುತ್ತದೆ. ಫೋನಿನ ಗುರುತಿಸುವ ಆ್ಯಪ್‌ಗಳಿಗೂ ಇದೇ ಮಾತು.

ಕರಡು ಬರೆಯುವ ಹೊತ್ತನ್ನು ನಡಿಗೆ ನುಂಗಬಾರದು. ದಿನಕ್ಕೆ 300 ಪದದಂತೆ 200 ದಿನ ಬರೆದರೆ 60,000 ಪದ, ಅದು ಒಂದು ಕಾದಂಬರಿ. ಇಂಗ್ಲಿಷಿನವರು ಹೇಳುವ ಪದಗಳ ಲೆಕ್ಕವನ್ನು ನೋಡಿ ಎದೆಗುಂದಬೇಕಿಲ್ಲ. ‘ಬರಬೇಕಾಗಿತ್ತಲ್ಲವೇ’ ಎಂಬುದು ನಮ್ಮಲ್ಲಿ ಒಂದೇ ಪದ. ವಾರದಲ್ಲಿ ಎರಡು ದಿನ ಕ್ಯಾಮೆರಾ ಇರುವ ನಡಿಗೆ, ಎರಡು ದಿನ ಇಲ್ಲದ ನಡಿಗೆ ಇಟ್ಟುಕೊಂಡರೆ ಕ್ಯಾಮೆರಾ ಯಜಮಾನಿಕೆ ಮಾಡುವುದಿಲ್ಲ. ಒಯ್ಯುವ ದಿನವೂ ಒಂದೇ ಲೆನ್ಸ್. ಎರಡಿದ್ದರೆ ಬದಲಾಯಿಸುವುದೇ ಕೆಲಸವಾಗಿ ಸೆನ್ಸರಿಗೂ ಧೂಳು ಬೀಳುತ್ತದೆ.

ಸಂಜೆಯ ಕೆಲಸ ಒಂದು ಗಂಟೆಯೊಳಗೆ ಮುಗಿಯಬೇಕು. ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸಿ ಅಲುಗಿದವು, ಫೋಕಸ್ ತಪ್ಪಿದವು, ಒಂದೇ ತರಹದವು ಇವನ್ನೆಲ್ಲ ಅಂದೇ ಅಳಿಸಿ. ಮುನ್ನೂರರಲ್ಲಿ ಹತ್ತು ಉಳಿದರೆ ಹೆಚ್ಚು. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಹೊತ್ತು ಎಂಬ ಅನುಕ್ರಮದಲ್ಲಿರಲಿ, ತಾವಾಗಿ ಸಾಲಾಗಿ ಕೂರುತ್ತವೆ. ಕರಡುಗಳನ್ನೂ ಫೋಟೊಗಳನ್ನೂ ಮೂರು ಪ್ರತಿಯಾಗಿ, ಎರಡು ಬಗೆಯ ಸಾಧನಗಳಲ್ಲಿ, ಒಂದನ್ನು ಮನೆಯಿಂದ ಹೊರಗೆ ಇಡಬೇಕು. ಆಮೇಲೆ ಉಳಿದ ಹತ್ತರಲ್ಲಿ ಒಂದನ್ನು ಆರಿಸಿ, ಎರಡು ನಿಮಿಷ ನೋಡಿ, ಮುಚ್ಚಿಬಿಡಿ. ಅದರ ಬಗ್ಗೆ 150 ಪದ ಬರೆಯಿರಿ. ಮತ್ತೆ ತೆರೆದು ಹೋಲಿಸಿದರೆ ಬರಹದಲ್ಲಿ ಎರಡು ಬಗೆಯ ವ್ಯತ್ಯಾಸ ಕಾಣುತ್ತದೆ. ಕೆಲವು ತಪ್ಪುಗಳು: ಹೂವು ಐದೆಸಳಿನದು, ಆರು ಎಂದು ಬರೆದಿರುತ್ತೀರಿ. ಅವನ್ನು ತಿದ್ದಿ. ಇನ್ನು ಕೆಲವು ಫೋಟೊದಲ್ಲಿ ಇಲ್ಲವೇ ಇಲ್ಲ: ದುಂಬಿ ಹೂವಿನೊಳಗೆ ಹೊಕ್ಕಾಗ ಗುಂಯ್‌ಗುಡುವುದು ಸಣ್ಣಗಾದದ್ದು, ಕಾಯುವಾಗ ಮಂಡಿಗೆ ಒತ್ತಿದ ಕಲ್ಲು. ಅವುಗಳ ಕೆಳಗೆ ಗೆರೆ ಎಳೆದು ದಿನಚರಿಗೆ ದಾಟಿಸಿ.

ಒಂದು ವರ್ಷ ತುಂಬಿದ ಮೇಲೆ ಪ್ರತಿ ವಾರ ಹಿಂದಿನ ವರ್ಷದ ಅದೇ ವಾರದ ಪುಟಗಳನ್ನು ತೆರೆದು, ಅದೇ ದಾರಿಗೆ ಹೊರಡುವ ಮುನ್ನ ಓದಬೇಕು. ಕಳೆದ ಸಲ ಈ ಹೊತ್ತಿಗೆ ಹೂ ಬಿಟ್ಟಿದ್ದ ಮರ ಈ ಸಲ ಇನ್ನೂ ಮೊಗ್ಗಿನಲ್ಲಿದ್ದರೆ ಎರಡು ದಿನಾಂಕಗಳನ್ನೂ ಅಕ್ಕಪಕ್ಕ ಬರೆಯಿರಿ. ಬರೀ ಹೆಸರುಗಳ ಪಟ್ಟಿಯಾಗಿ ಉಳಿದ ಪುಟಗಳು ಓದುವಾಗ ಏನನ್ನೂ ಹೇಳುವುದಿಲ್ಲ. ಅವನ್ನೂ ಹರಿಯದೆ ಇಟ್ಟಿರಿ. ದಿನಾಂಕ, ಹೊತ್ತು, ಗಾಳಿ ಸರಿಯಾಗಿ ದಾಖಲಾಗಿದ್ದರೆ, ಮುಂದೊಂದು ಅಧ್ಯಾಯಕ್ಕೆ ಅದೇ ತಿಂಗಳ ಒಂದು ಬೆಳಗು ಬೇಕಾದಾಗ ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಎಲೆ ಅಲುಗುತ್ತಿತ್ತೇ, ಯಾವ ಹಕ್ಕಿ ಆಗಲೇ ಎದ್ದಿತ್ತು ಎಂಬುದು ಅಲ್ಲಿಂದಲೇ ಸಿಗುತ್ತದೆ.